ಒತ್ತಿದರೆ ಪ್ಲಸ್ಸೋ ಮೈನಸ್ಸೋ: ಕೂಲಂಬ್ ಒತ್ತಡದ ಟಿಪ್ಪಣಿ

ಪುಣೆಯಲ್ಲಿ ಭೂವಿಜ್ಞಾನ ಓದುತ್ತಿರುವ ನಮ್ಮ ಕಡೆಯ ಗೆಳೆಯರಿಗೆ ಇದನ್ನು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿಯಷ್ಟೇ ನನಗೆ ತಲೆಗೆ ಹತ್ತಿತು.

ಫಾಲ್ಟ್ ಅಂದರೆ ನೆಲದೊಳಗಿನ ಬಂಡೆಯ ಬಿರುಕು; ಅದರ ಎರಡು ಬದಿಗಳು ತಟ್ಟನೆ ಜಾರಿದರೆ ಭೂಕಂಪ. ಒಂದು ಫಾಲ್ಟ್ ಜಾರಿದಾಗ ಅಲ್ಲಿಯ ಒತ್ತಡ ಇಳಿಯುತ್ತದೆ. ಆದರೆ ಅದರ ಸ್ವಲ್ಪ ಭಾಗ ಅಕ್ಕಪಕ್ಕದ ಫಾಲ್ಟ್‌ಗಳ ಮೇಲೆ ಬೀಳುತ್ತದೆ. ಅವು ಜಾರುವುದಕ್ಕೆ ಹತ್ತಿರವಾದವೋ ದೂರವಾದವೋ ಎಂದು ಹೇಳುವುದೇ ಕೂಲಂಬ್ ಒತ್ತಡದ ಬದಲಾವಣೆ. ಪ್ಲಸ್ ಬಂದರೆ ಹತ್ತಿರ, ಮೈನಸ್ ಬಂದರೆ ದೂರ.

ಲೆಕ್ಕದಲ್ಲಿ ಎರಡೇ ತುಂಡು. ಫಾಲ್ಟ್ ಉದ್ದಕ್ಕೆ ತಳ್ಳುವ ಶಿಯರ್ ಒತ್ತಡ, ಅದರ ಎರಡು ಮೈಗಳನ್ನು ಬಿಗಿಹಿಡಿಯುವ ನಾರ್ಮಲ್ ಒತ್ತಡ. ಎರಡನೆಯದನ್ನು ಘರ್ಷಣೆಯ ಅಂಕಿಯಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಬೇಕು. ಸಾಮಾನ್ಯವಾಗಿ 0.4 ಹಿಡಿಯುತ್ತಾರೆ.

ನಾನು ಸಿಕ್ಕಿಬಿದ್ದದ್ದು ಇಲ್ಲೇ. ಶಿಲಾಯಂತ್ರಶಾಸ್ತ್ರದ (ರಾಕ್ ಮೆಕ್ಯಾನಿಕ್ಸ್) ಪಾಠದಲ್ಲಿ ಒತ್ತುವುದು ಪ್ಲಸ್. ಕೂಲಂಬ್ ಲೆಕ್ಕದಲ್ಲಿ ಬಿಗಿ ಸಡಿಲವಾಗುವುದು ಪ್ಲಸ್, ಒತ್ತುವುದು ಮೈನಸ್. ಎರಡನ್ನೂ ಕಲಸಿಬಿಟ್ಟಿದ್ದೆ. ಅಜ್ಜಿಯ ಬೀಸುವ ಕಲ್ಲು ನೆನಪಾದ ಮೇಲೆ ಸರಿಹೋಯಿತು. ಅವಳು ಜೋಳ ಬೀಸುವಾಗ ನಾನು ಮೇಲಿನ ಕಲ್ಲಿನ ಮೇಲೆ ಕೈಯೂರುತ್ತಿದ್ದೆ. "ಕೈ ತಗಿಯೋ, ಕಲ್ಲು ತಿರಗವಲ್ದು" ಅನ್ನುತ್ತಿದ್ದಳು. ಗೂಟ ಹಿಡಿದು ತಿರುಗಿಸುವುದು ಶಿಯರ್. ನನ್ನ ಕೈಯ ಭಾರ ನಾರ್ಮಲ್. ಕೈ ತೆಗೆದರೆ ಕಲ್ಲು ಸಲೀಸಾಗಿ ತಿರುಗುತ್ತದೆ, ಅಲ್ವಾ? ಹಾಗಾಗಿ ಸಡಿಲವಾಗುವುದು ಪ್ಲಸ್.

ಒಂದು ಲೆಕ್ಕ ಮಾಡಿ. ಶಿಯರ್ 0.1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಏರಿದೆ, ಬಿಗಿಯೂ 0.5 ಬಾರ್ ಜಾಸ್ತಿಯಾಗಿದೆ. ಸರಿಯಾದ ಉತ್ತರ: 0.1 − (0.4 × 0.5) = −0.1. ಫಾಲ್ಟ್ ಶಾಂತವಾಯಿತು. ಚಿಹ್ನೆ ತಪ್ಪಿದರೆ +0.3 ಬರುತ್ತದೆ. ಶಾಂತವಾದ ಜಾಗವನ್ನು ಅಪಾಯದ ಜಾಗ ಅಂದಂತಾಯಿತು!

ಭೂಕಂಪದಲ್ಲಿ ಇಳಿಯುವ ಒತ್ತಡ ಸಾಮಾನ್ಯವಾಗಿ ಹತ್ತಾರು ಬಾರ್. ಅದರ ಮುಂದೆ 0.1 ಬಾರ್ ಏರಿಕೆ ಯಾವ ಲೆಕ್ಕ ಅನ್ನಿಸಬಹುದು. ಆದರೆ ಆ ಫಾಲ್ಟ್ ನೂರಾರು ವರ್ಷಗಳಿಂದ ಒತ್ತಡ ಕೂಡಿಸಿಕೊಂಡು ಅಂಚಿಗೆ ಬಂದಿದ್ದರೆ ಅಷ್ಟೇ ಸಾಕಾಗಬಹುದು. 1999ರ ಆಗಸ್ಟ್ 17ರಂದು ಟರ್ಕಿಯ ಇಜ್ಮಿತ್‌ನಲ್ಲಿ ದೊಡ್ಡ ಭೂಕಂಪವಾಯಿತು. ಆಗ ಜಾರಿದ ಫಾಲ್ಟ್‌ನ ಪೂರ್ವದ ತುದಿಯ ಆಚೆ ಒತ್ತಡ ಏರಿತ್ತು. ನವೆಂಬರ್ 12ಕ್ಕೆ ಅಲ್ಲೇ, ಡ್ಯೂಜೆಯಲ್ಲಿ, 7.2ರ ಭೂಕಂಪ. 1992ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ನಡುಗಿ ಸುಮಾರು ಮೂರು ತಾಸಿಗೆ ಹತ್ತಿರದ ಬಿಗ್ ಬೇರ್ ನಡುಗಿತು.

ನಮಗೆ ಹತ್ತಿರದ ಉದಾಹರಣೆ ಕೊಯ್ನಾ ಅಣೆಕಟ್ಟಿನ ಜಾಗ, ಇಲ್ಲೇ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ. ಅಲ್ಲಿ ಒತ್ತಡ ಬದಲಾಯಿಸಿದ್ದು ಇನ್ನೊಂದು ಭೂಕಂಪವಲ್ಲ, ನೀರು. ಅಣೆಕಟ್ಟು ಸುಮಾರು 103 ಮೀಟರ್ ಎತ್ತರ. ನೂರು ಮೀಟರ್ ನೀರು ನಿಂತರೆ ತಳದಲ್ಲಿ ಸುಮಾರು 10 ಬಾರ್. ನೀರಿನ ಭಾರ ಒತ್ತುತ್ತದೆ, ಹಾಗಾದರೆ ಫಾಲ್ಟ್ ಇನ್ನೂ ಬಿಗಿಯಾಗಬೇಕಲ್ಲ ಅಂತ ಮತ್ತೆ ಗೊಂದಲವಾಯಿತು. ಆದರೆ ನೀರು ಬಂಡೆಯ ಸಂದುಗಳಲ್ಲಿ ಇಳಿದು ಫಾಲ್ಟ್‌ನ ಎರಡು ಮೈಗಳನ್ನು ಒಳಗಿನಿಂದ ದೂಡುತ್ತದೆ. ಬಿಗಿ ಕಡಿಮೆಯಾಗುತ್ತದೆ, ಪ್ಲಸ್ ಆಗುತ್ತದೆ. ಇಳಿಯುವುದಕ್ಕೆ ಸಮಯ ಬೇಕು. ಜಲಾಶಯ ತುಂಬತೊಡಗಿದ್ದು 1960ರ ದಶಕದ ಮೊದಲಲ್ಲಿ, 6.3ರ ಭೂಕಂಪ ಬಂದದ್ದು 1967ರ ಡಿಸೆಂಬರ್ 11ರ ಬೆಳಗಿನ ಜಾವ. ಆ ಶಕ್ತಿ ಕೊಟ್ಟದ್ದು ನೀರಲ್ಲ. ಬಂಡೆಯಲ್ಲಿ ಮೊದಲೇ ಕೂಡಿದ್ದ ಒತ್ತಡವನ್ನು ನೀರು ಸಡಿಲಿಸಿತು, ಅಷ್ಟೇ.

ಮೇಲಿನ ಲೆಕ್ಕದಲ್ಲಿ 0.4ರ ಬದಲು 0.2 ಹಾಕಿ ನೋಡಿ. ಉತ್ತರ ಸೊನ್ನೆ. 0.1 ಹಾಕಿದರೆ +0.05. ಅಂಕಿ ಒಂದೇ ಬದಲಾಗಿದ್ದು, ಚಿಹ್ನೆಯೇ ತಿರುಗಿತು. ಅದಕ್ಕೇ ಕೂಲಂಬ್ ಒತ್ತಡದ ನಕ್ಷೆಯಲ್ಲಿ ಪ್ಲಸ್ ತೋರಿಸುವ ಕೆಂಪು ಬಣ್ಣ ನೋಡುವ ಮೊದಲು ನಾನು ಈಗ ಘರ್ಷಣೆಗೆ ಎಷ್ಟು ಹಿಡಿದಿದ್ದಾರೆ ಅಂತ ಹುಡುಕುತ್ತೇನೆ.