ಮರದ ದಿಮ್ಮಿ ಅಳೆದ ಗುಂಡಿನ ವೇಗ

ಪಿಯುಸಿ ಭೌತಶಾಸ್ತ್ರದಲ್ಲಿ ಜಾಣರನ್ನೂ ಎಡವಿಸುವ ಲೆಕ್ಕವೊಂದಿದೆ. ದಾರದಲ್ಲಿ ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆಯುತ್ತಾರೆ. ಗುಂಡು ಒಳಗೇ ಸಿಕ್ಕಿಕೊಳ್ಳುತ್ತದೆ, ದಿಮ್ಮಿ ತೂಗಿ ಮೇಲೇರುತ್ತದೆ. ಏರಿದ ಎತ್ತರ ಕೊಟ್ಟು ಗುಂಡಿನ ವೇಗ ಕೇಳುತ್ತಾರೆ.

ಗುಂಡು 10 ಗ್ರಾಂ, ಗುಂಡೂ ದಿಮ್ಮಿಯೂ ಸೇರಿ 4 ಕೆ.ಜಿ., ಎತ್ತರ 5.1 ಸೆಂ.ಮೀ. ಎನ್ನೋಣ. ಶಕ್ತಿ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಗುಂಡಿನ ಚಲನಶಕ್ತಿಯನ್ನು ದಿಮ್ಮಿಗೆ ಮೇಲೇರಿದ್ದರಿಂದ ಬಂದ ಪ್ರಚ್ಛನ್ನ ಶಕ್ತಿಗೆ ಸಮ ಎಂದು ಬರೆದರೆ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಬರುತ್ತದೆ. ಸ್ಪಿನ್ ಬೌಲರ್‌ಗಳ ಚೆಂಡೇ ಸಾಮಾನ್ಯವಾಗಿ ಇದಕ್ಕಿಂತ ಜೋರು! ಬಂದ ಉತ್ತರವನ್ನು ಒಮ್ಮೆ ದಿಟ್ಟಿಸಿ ನೋಡಿದ್ದರೂ ಅನುಮಾನ ಹುಟ್ಟಬೇಕಿತ್ತು.

ಇಲ್ಲಿ ನಡೆಯುವುದು ಎರಡು ಘಟನೆ. ಮೊದಲನೆಯದು ಡಿಕ್ಕಿ. ಅದು ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ದಾರ ನೆಟ್ಟಗೇ ಇರುವುದರಿಂದ ಅಡ್ಡಲಾಗಿ ಎಳೆಯುವ ಹೊರಗಿನ ಬಲವಿಲ್ಲ. ಹಾಗಾಗಿ ಸಂವೇಗ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ ಬರುವ ಪರಿಮಾಣ, ಉಳಿಯುತ್ತದೆ. ಮರ ಸೀಳಿ, ಗುಂಡು ನುಜ್ಜಾಗಿ, ಎರಡೂ ಬಿಸಿಯಾಗುವುದರಿಂದ ಚಲನಶಕ್ತಿ ಮಾತ್ರ ಉಳಿಯುವುದಿಲ್ಲ. ಎರಡನೆಯದು ತೂಗಾಟ. ಈಗ ಸಂವೇಗ ಕರಗುತ್ತಾ ತುದಿಯಲ್ಲಿ ಸೊನ್ನೆಯಾಗುತ್ತದೆ. ದಾರದ ಎಳೆತ ಚಲನೆಗೆ ಸದಾ ಲಂಬವಾಗಿರುವುದರಿಂದ ಅದು ಕೆಲಸ ಮಾಡುವುದಿಲ್ಲ, ಶಕ್ತಿ ಉಳಿಯುತ್ತದೆ.

ಆದ್ದರಿಂದ ಹಿಂದಿನಿಂದ ಬರಬೇಕು. 5.1 ಸೆಂ.ಮೀ. ಏರಲು ದಿಮ್ಮಿಗೆ ಸೆಕೆಂಡಿಗೆ 1 ಮೀಟರ್ ವೇಗ ಬೇಕು. ಆಗ ಸಂವೇಗ 4 ಏಕಮಾನ. ಅಷ್ಟೂ 10 ಗ್ರಾಂ ಗುಂಡಿನಲ್ಲಿದ್ದರೆ ಅದರ ವೇಗ ಸೆಕೆಂಡಿಗೆ 400 ಮೀಟರ್. ಗುಂಡು ತಂದದ್ದು 800 ಜೂಲ್, ದಿಮ್ಮಿಗೆ ದಕ್ಕಿದ್ದು 2 ಜೂಲ್! ಮಿಕ್ಕ 798 ಜೂಲ್ ಮರದೊಳಗೇ ಖರ್ಚು.

ಇದು ಪರೀಕ್ಷೆಗಾಗಿ ಹೊಸೆದ ಲೆಕ್ಕವಲ್ಲ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಫಿರಂಗಿ ಶಾಸ್ತ್ರದ ಪುಸ್ತಕದಲ್ಲಿ ಇಂಥ ಲೋಲಕವನ್ನು ವಿವರಿಸಿದ. ಕಣ್ಣಿಗೆ ಕಾಣದ ವೇಗವನ್ನು ಅವನು ಅಳೆದದ್ದು ಲೋಲಕದ ಬುಡಕ್ಕೆ ಸಿಕ್ಕಿಸಿದ ರಿಬ್ಬನ್ ಎಷ್ಟು ಹೊರಬಂತು, ಅಂದರೆ ಲೋಲಕ ಎಷ್ಟು ದೂರ ತೂಗಿತು, ಎಂದು ನೋಡಿ. (ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಎಂಜಿನಿಯರಾಗಿ ಬಂದ ಈತ 1751ರಲ್ಲಿ ಕಡಲೂರಿನ ಬಳಿ ತೀರಿಕೊಂಡ.) ಲೋಲಕವನ್ನು ಬಂದೂಕಿನಿಂದ ಬೇರೆ ಬೇರೆ ದೂರದಲ್ಲಿಟ್ಟು ಹೊಡೆದಾಗ, ದೂರ ಹೆಚ್ಚಿದಂತೆ ವೇಗ ಇಳಿಯುತ್ತಿತ್ತು. ಎಷ್ಟು ಇಳಿಯಿತು ಎಂಬುದರಿಂದ ಗಾಳಿಯ ತಡೆ ಸಿಕ್ಕಿತು. ಆವರೆಗೆ ಫಿರಂಗಿ ಹಾರಿಸುವವರು ಲೆಕ್ಕಕ್ಕೇ ಹಿಡಿಯದೆ ಬಿಡುತ್ತಿದ್ದ ಆ ತಡೆ, ಗುಂಡಿನ ತೂಕದ ಹಲವಾರು ಪಟ್ಟು ಇತ್ತು.