ಅಮೆರಿಕದ ಎಥನಾಲ್ ರಾಜಕೀಯ: ಕಾರಣ ಹಲವು, ಬೆಳೆ ಒಂದೇ

ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಎಥನಾಲ್ (ಪೆಟ್ರೋಲಿಗೆ ಬೆರೆಸುವ ಮದ್ಯಸಾರ) ಕಾರ್ಖಾನೆಗಳಿಗೆ ಹೋಗುತ್ತದೆ. ಇದು ಸುಮ್ನೆ ಆದದ್ದಲ್ಲ, ಸರ್ಕಾರ ಬೆನ್ನಿಗೆ ನಿಂತು ಮಾಡಿಸಿದ್ದು. ಯಾಕೆ ಎಂದು ಕೇಳಿದರೆ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಸಿಕ್ಕಿದೆ.

ಮೊದಲ ಉತ್ತರ ತೈಲ. ಅರಬ್ ದೇಶಗಳು 1973ರಲ್ಲಿ ತೈಲ ನಿಲ್ಲಿಸಿದ ಪೆಟ್ಟು ಇನ್ನೂ ಮರೆತಿರಲಿಲ್ಲ. 1978ರಲ್ಲಿ, ಶೇ 10ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ ತೆರಿಗೆ ವಿನಾಯಿತಿ ಸಿಕ್ಕಿತು. ಲೆಕ್ಕ ಹಾಕಿದರೆ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಎಥನಾಲ್‌ಗೆ 40 ಸೆಂಟ್ ನೆರವು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ, 1980ರ ಜನವರಿಯಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರಾಟಕ್ಕೆ ತಡೆ ಹಾಕಿದರು. ರೈತರು ಸಿಟ್ಟಾದರು. ಉಳಿದ ಧಾನ್ಯಕ್ಕೆ ಎಥನಾಲ್ ಒಂದು ದಾರಿಯಾಗಿ ಕಂಡಿತು.

ಅದೇ ವರ್ಷ ಆಮದು ಎಥನಾಲ್ ಮೇಲೆ ಸುಂಕವೂ ಬಂತು. ನನಗೆ ಇಡೀ ಕಥೆಯ ಗುಟ್ಟು ಕಾಣುವುದೇ ಇಲ್ಲಿ. ಬ್ರೆಜಿಲ್ ಕಬ್ಬಿನಿಂದ ಎಥನಾಲ್ ತೆಗೆಯುತ್ತಿತ್ತು. ಅರಬ್ ತೈಲದ ಹಂಗು ಕಳೆದುಕೊಳ್ಳುವುದಷ್ಟೇ ಗುರಿಯಾಗಿದ್ದರೆ ಅಲ್ಲಿಂದ ತರಿಸಬಹುದಿತ್ತು, ಅಲ್ವಾ? ನಮ್ಮ ಸಬ್ಸಿಡಿ ಹೊರಗಿನವರ ಪಾಲಾಗಬಾರದು ಎಂಬುದು ಸುಂಕಕ್ಕೆ ಕೊಟ್ಟ ಸಮಜಾಯಿಷಿ. ಆದರೆ ನಡುವೆ ಏರಿದ್ದ ಸಬ್ಸಿಡಿ 2009ರಲ್ಲಿ 45 ಸೆಂಟ್‌ಗೆ ಇಳಿದ ಮೇಲೂ ಸುಂಕ 54 ಸೆಂಟ್‌ನಲ್ಲೇ ಉಳಿಯಿತು.

ತೊಂಬತ್ತರ ದಶಕದ ಉತ್ತರ ಶುದ್ಧ ಗಾಳಿ. ಪೆಟ್ರೋಲ್ ಚೆನ್ನಾಗಿ ಉರಿಯಲು ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಅಂತರ್ಜಲಕ್ಕೆ ಇಳಿದು, ಹಲವು ರಾಜ್ಯಗಳು ಅದನ್ನು ನಿಷೇಧಿಸಿದವು. ಆ ಜಾಗಕ್ಕೆ ಎಥನಾಲ್ ಬಂತು. ಆಮೇಲಿನ ಉತ್ತರ ಹವಾಮಾನ. 2005ರ ಕಾನೂನು ಎಥನಾಲ್ ಬಳಕೆಯನ್ನು ಕಡ್ಡಾಯ ಮಾಡಿತು. 2007ರ ಕಾನೂನು 2022ರ ಹೊತ್ತಿಗೆ ಒಟ್ಟು 3,600 ಕೋಟಿ ಗ್ಯಾಲನ್ ಜೈವಿಕ ಇಂಧನದ ಗುರಿ ಇಟ್ಟಿತು. ಅದರಲ್ಲಿ 1,600 ಕೋಟಿ ಹುಲ್ಲು, ದಂಟು, ಕಟ್ಟಿಗೆಯ ಚೂರಿನಿಂದ ಬರಬೇಕಿತ್ತು. ಅದು ಬರಲೇ ಇಲ್ಲ ಎನ್ನಬಹುದು. ಮೆಕ್ಕೆಜೋಳದ ಪಾಲು ಮಾತ್ರ ತನ್ನ ಮಿತಿಯಾದ 1,500 ಕೋಟಿಯ ಹತ್ತಿರಕ್ಕೆ ಹೋಯಿತು.

2011ರ ಕೊನೆಗೆ ಆ ತೆರಿಗೆ ಸಬ್ಸಿಡಿ ಮತ್ತು ಸುಂಕ ಎರಡೂ ಮುಗಿದವು. ಉದ್ಯಮ ಅಷ್ಟೇನೂ ಗಲಾಟೆ ಮಾಡಲಿಲ್ಲ. ಯಾಕೆ ಮಾಡಬೇಕು? ತೈಲ ಕಂಪನಿಗಳು ಎಥನಾಲ್ ಕೊಳ್ಳಲೇಬೇಕು ಎಂಬ ಕಾನೂನು ಕೈಯಲ್ಲಿತ್ತು. ಖಜಾನೆ ಕೊಡುತ್ತಿದ್ದದ್ದನ್ನು ಈಗ ಪೆಟ್ರೋಲ್ ಹಾಕಿಸುವವರು ಕೊಡುತ್ತಾರೆ, ಅಷ್ಟೇ.

ಇದನ್ನು 'ರೈತರ ಲಾಬಿ' ಎಂದುಬಿಡುವುದೂ ತಪ್ಪು. ಕೋಳಿ, ಹಂದಿ, ದನ ಸಾಕುವವರೂ ರೈತರೇ. ಅವರಿಗೆ ಮೆಕ್ಕೆಜೋಳ ಮೇವು, ಅದರ ಬೆಲೆ ಏರಿದರೆ ನಷ್ಟ. 2012ರ ಬರದಲ್ಲಿ ಬೆಳೆ ಒಣಗಿದಾಗ, ಎಥನಾಲ್ ಕಡ್ಡಾಯವನ್ನು ತಾತ್ಕಾಲಿಕವಾಗಿಯಾದರೂ ಸಡಿಲಿಸಿ ಎಂದು ಅವರು ಬೇಡಿಕೊಂಡರು. ಕೆಲವು ರಾಜ್ಯಪಾಲರೂ ಕೇಳಿದರು. ಪರಿಸರ ಇಲಾಖೆ ಒಪ್ಪಲಿಲ್ಲ.

ಮೆಕ್ಕೆಜೋಳದವರ ಕೈ ಮೇಲಾಗಲು ಅಯೋವಾ ರಾಜ್ಯವೂ ಒಂದು ಕಾರಣ. ಅಧ್ಯಕ್ಷ ಅಭ್ಯರ್ಥಿಗಳ ಆಯ್ಕೆ ದಶಕಗಳ ಕಾಲ ಶುರುವಾಗುತ್ತಿದ್ದದ್ದು ಅಲ್ಲಿಂದ. ಮೆಕ್ಕೆಜೋಳದಲ್ಲೂ ಅದೇ ಮುಂದು. 1994ರಲ್ಲಿ ಸೆನೆಟ್‌ನಲ್ಲಿ ಮತ ಸಮಸಮ ಬಂದಾಗ ಎಥನಾಲ್ ಪರ ನಿರ್ಣಾಯಕ ಮತ ಹಾಕಿದ್ದ ಆಗಿನ ಉಪಾಧ್ಯಕ್ಷ ಅಲ್ ಗೋರ್, 2010ರಲ್ಲಿ ಆ ಸಬ್ಸಿಡಿ ಒಳ್ಳೆಯ ನೀತಿಯಲ್ಲ ಎಂದರು. ಅಧ್ಯಕ್ಷನಾಗುವ ಆಸೆಯಲ್ಲಿ ಅಯೋವಾ ರೈತರ ಮೇಲೆ ಒಲವಿತ್ತೆಂದೂ ಒಪ್ಪಿಕೊಂಡರು. 2016ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಟೆಡ್ ಕ್ರೂಜ್ ಎಥನಾಲ್ ಕಡ್ಡಾಯವನ್ನು ವಿರೋಧಿಸಿಯೂ ಅಲ್ಲಿ ತಮ್ಮ ಪಕ್ಷದ ಸ್ಪರ್ಧೆ ಗೆದ್ದರು. ರಾಜಕಾರಣಿಗಳಿಗೆ ಅಯೋವಾ ರೈತರ ಭಯ ಹೋಗಿರಬೇಕು ಅಂದುಕೊಂಡರೆ, ಇಲ್ಲ. 2018ರಲ್ಲಿ ಟ್ರಂಪ್, 2022ರಲ್ಲಿ ಬೈಡನ್, ಇಬ್ಬರೂ ಬೇಸಿಗೆಯಲ್ಲೂ ಶೇ 15ರ ಮಿಶ್ರಣ ಮಾರಲು ಬಿಡುತ್ತೇವೆ ಎಂದು ಘೋಷಿಸಿದ್ದು ಅಯೋವಾದಲ್ಲೇ ನಿಂತು.

ಎಥನಾಲ್‌ನಿಂದ ವಾತಾವರಣಕ್ಕೆ ಲಾಭವೋ ನಷ್ಟವೋ ಎಂಬ ಜಗಳದಲ್ಲಿ ಮುಖ್ಯ ಪ್ರಶ್ನೆ, ಮೆಕ್ಕೆಜೋಳಕ್ಕಾಗಿ ಬೇರೆ ಕಡೆ ಹುಲ್ಲುಗಾವಲು, ಕಾಡು ಹೊಲವಾದರೆ ಅದರಿಂದ ಹೊರಬೀಳುವ ಇಂಗಾಲ ಯಾರ ಲೆಕ್ಕಕ್ಕೆ ಎಂಬುದು. 2025ರಲ್ಲಿ ಅಮೆರಿಕದ ಕಾಂಗ್ರೆಸ್ ಶುದ್ಧ ಇಂಧನದ ತೆರಿಗೆ ರಿಯಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಆ ಇಂಗಾಲವನ್ನು ಲೆಕ್ಕದಿಂದ ಕೈಬಿಟ್ಟಿತು. ಅಮೆರಿಕ, ಕೆನಡಾ, ಮೆಕ್ಸಿಕೊ ಬಿಟ್ಟು ಬೇರೆ ಕಡೆ ಬೆಳೆದ ಕಚ್ಚಾವಸ್ತುವಿಗೆ ರಿಯಾಯಿತಿ ಇಲ್ಲ ಎಂದಿತು. ಬ್ರೆಜಿಲ್‌ನ ಕಬ್ಬು ಮತ್ತೆ ಹೊರಗೇ ಉಳಿಯಿತು.