ಮಕರೋವ್ ಪಿಸ್ತೂಲಿಗೆ 380 ತೋಟಾ ಹಾಕಬಹುದಾ?

ಪ್ರಶ್ನೆ: ಬಲ್ಗೇರಿಯಾ ಸೈನ್ಯ ಬಳಸಿ ಮಾರಿದ ಸರ್ಪ್ಲಸ್ ಮಕರೋವ್ ಪಿಸ್ತೂಲೊಂದನ್ನು ತಗೊಂಡಿದ್ದೇನೆ. ಲೈಸೆನ್ಸ್ ಇದೆ, ದಿನಾ ಜೊತೆಗಿಟ್ಟುಕೊಂಡು ಓಡಾಡುವ ಯೋಚನೆ. ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ ಅದರದೇ 9×18 ತೋಟಾ ಸಿಗುತ್ತಿಲ್ಲ, 380 (.380 ಎಸಿಪಿ ಅನ್ನುವ ಇನ್ನೊಂದು ಪಿಸ್ತೂಲು ತೋಟಾ) ಬೇಕಾದಷ್ಟಿದೆ. ಎರಡೂ 9 ಎಂಎಂ ತಾನೆ? ಹಾಕಿದರೆ ಏನಾಗುತ್ತೆ?

ಹಾಕಬೇಡಿ. ಉತ್ತರ ಅಷ್ಟೇ. ಆದರೆ ಬರೀ 'ಹಾಕಬೇಡಿ' ಅಂದರೆ ಯಾರೂ ಕೇಳುವುದಿಲ್ಲ ಅನ್ನುವುದು ಇಷ್ಟು ದಿನದಲ್ಲಿ ಚೆನ್ನಾಗಿ ಗೊತ್ತಾಗಿದೆ. 'ನಮ್ಮ ಫ್ರೆಂಡ್ ಹಾಕಿ ಹೊಡೆದಿದ್ದಾನೆ, ಏನೂ ಆಗಿಲ್ಲ' ಅಂತ ತಿರುಗಿ ಉತ್ತರ ಬರುತ್ತದೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಸರ್ಪ್ಲಸ್ ಪಿಸ್ತೂಲು ಕೊಂಡವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕೊಟ್ಟರಾಯಿತು.

ಈ ಪ್ರಶ್ನೆ ಈಗೀಗ ಜಾಸ್ತಿಯಾಗಿರುವುದಕ್ಕೆ ಕಾರಣ ಇದೆ. ಮೊದಲು ರಷ್ಯಾದ ಟುಲಾ, ಬರ್ನೌಲ್ ಕಾರ್ಖಾನೆಗಳ ಉಕ್ಕಿನ ಕೇಸಿನ (ಗುಂಡು, ಮದ್ದು ಹಿಡಿದಿಡುವ ಕೊಳವೆ) 9×18 ತೋಟಾ ಅಗ್ಗವಾಗಿ ಸಿಗುತ್ತಿತ್ತು. 2021ರ ಸೆಪ್ಟೆಂಬರ್‌ನಿಂದ ರಷ್ಯಾದ ತೋಟಾ ಆಮದಿಗೆ ಹೊಸ ಪರವಾನಗಿ ಕೊಡುವುದನ್ನು ಅಮೆರಿಕ ಸರ್ಕಾರ ನಿಲ್ಲಿಸಿತು. ಅಂಗಡಿಯ ಆ ಕಪಾಟು ಖಾಲಿಯಾಗುತ್ತಾ ಬಂತು. ಪಕ್ಕದಲ್ಲೇ 380ರ ಡಬ್ಬಿಗಳು ಸಾಲಾಗಿ ನಿಂತಿವೆ. ಆಸೆ ಹುಟ್ಟುವುದು ಸಹಜ.

ಈಗ ಅಳತೆಗೆ ಬರೋಣ. 380 ತೋಟಾದ ಗುಂಡಿನ ದಪ್ಪ ಸುಮಾರು 9.02 ಎಂಎಂ. ಮಕರೋವ್ ಗುಂಡಿನದು ಸುಮಾರು 9.27 ಎಂಎಂ. ಹೆಸರಿನಲ್ಲಿ ಎರಡೂ 9. ಪಿಸ್ತೂಲಿನ ನಳಿಗೆಯ ಒಳಗೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ, ಗುಂಡಿಗೆ ತಿರುಗು ಕೊಡುವುದು ಅವೇ. ರಷ್ಯನ್ನರು ಗೀರುಗಳ ನಡುವಿನ ಏಣಿನಿಂದ ಎದುರಿನ ಏಣಿಗೆ ಅಳೆದು 9 ಎಂಎಂ ಅಂದರು. ಗೀರಿನ ತಳದಿಂದ ತಳಕ್ಕೆ ಅಳೆದರೆ ಅದು 9.27ರ ಹತ್ತಿರ ಬರುತ್ತದೆ. ಗುಂಡು ತುಂಬಿಕೊಳ್ಳಬೇಕಾದ್ದು ಆ ತಳವನ್ನು. 380ರ ಗುಂಡು ಅಲ್ಲಿ ಕಾಲು ಮಿಲಿಮೀಟರು ಸಣ್ಣದು. ಕಾಲು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಬಿಸಿ ಗ್ಯಾಸಿಗೆ ನುಗ್ಗಲು ಅಷ್ಟು ಸಂದು ಧಾರಾಳ ಸಾಕು.

ಕೇಸಿನ ವಿಷಯವೂ ಹಾಗೇ. 380ರ ಕೇಸ್ ಉದ್ದ 17.3 ಎಂಎಂ, ಮಕರೋವ್‌ನದು 18.1. ಬುಡದ ದಪ್ಪ 380ಕ್ಕೆ 9.5 ಎಂಎಂ, ಮಕರೋವ್‌ಗೆ 9.95ರಷ್ಟು. ಇವೆರಡೂ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ, ನಿಲ್ಲುವುದು ಕೇಸಿನ ಬಾಯಿಯ ಅಂಚಿನ ಮೇಲೆ. ಆ ಅಂಚು ಮುಟ್ಟಬೇಕಾದ ಜಾಗ ಮಕರೋವ್‌ನಲ್ಲಿ ಸುಮಾರು ಒಂದು ಮಿಲಿಮೀಟರ್ ಮುಂದಿದೆ. ಹಾಗಾಗಿ 380 ತೋಟಾ ಅಲ್ಲಿ ನಿಲ್ಲುವುದಿಲ್ಲ, ಎಕ್ಸ್‌ಟ್ರಾಕ್ಟರಿನ ಕೊಕ್ಕೆಗೆ ಜೋತುಬಿದ್ದಿರುತ್ತದೆ. ಸುತ್ತಲೂ ಸಡಿಲ. ಆ ಕೊಕ್ಕೆ ಇರುವುದು ಖಾಲಿ ಕೇಸನ್ನು ಹೊರಗೆಳೆಯುವುದಕ್ಕೆ, ತೋಟಾವನ್ನು ಹಿಡಿದು ನಿಲ್ಲಿಸುವುದಕ್ಕಲ್ಲ.

'ಆದರೂ ಹಾರಿತಲ್ಲ!' ಹಾರುತ್ತದೆ. ಕೊಕ್ಕೆ ಹಿಡಿದಿರುವುದರಿಂದ ತೋಟಾದ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ನು ಬಹಳ ಸಲ ತಲುಪುತ್ತದೆ, ಸದ್ದೂ ಬರುತ್ತದೆ. ಈ ಸುಳ್ಳು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿರುವುದು ಅದರಿಂದಲೇ. ಒಮ್ಮೆ ಹಾರಿದ್ದನ್ನು ನೋಡಿದವರು ಬೇರೆ ಮಾತೇ ಕೇಳುವುದಿಲ್ಲ. ಹೀಗೆ ಹೊಡೆದವರೊಬ್ಬರು ಶೂಟಿಂಗ್ ರೇಂಜಿನಲ್ಲಿ ನನ್ನನ್ನು ಕರೆದು ಹೆಮ್ಮೆಯಿಂದ ತೋರಿಸಿದ್ದರು. ನಾನು ಕೆಳಗೆ ಬಿದ್ದಿದ್ದ ಖಾಲಿ ಕೇಸುಗಳನ್ನು ಆರಿಸಿ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಬುಡದ ಹತ್ತಿರ ಹಿತ್ತಾಳೆ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಹೊರಮೈ ಬಾಯಿಂದ ಕೆಳಗಿನವರೆಗೂ ಮಸಿ ಹಿಡಿದು ಕಪ್ಪಾಗಿತ್ತು. ಅಂದರೆ ಕೇಸ್ ಚೇಂಬರನ್ನು ಮುಚ್ಚಿಯೇ ಇಲ್ಲ, ಗ್ಯಾಸ್ ಹಿಂದಕ್ಕೆ ಬಂದಿದೆ. ಒಂದು ಕೇಸಿನಲ್ಲಿ ಕೂದಲೆಳೆಯಂಥ ಸೀಳು. ಆಮೇಲೆ ಟಾರ್ಗೆಟ್ ಹಾಳೆ ಹತ್ತಿರ ತರಿಸಿದೆವು. ದುಂಡಗಿರಬೇಕಾದ ತೂತುಗಳಲ್ಲಿ ಕೆಲವು ಬೀಗದ ಕಿಂಡಿಯ ಥರ ಉದ್ದಕ್ಕಿದ್ದವು. ಗುಂಡು ಗೀರುಗಳನ್ನು ಸರಿಯಾಗಿ ಕಚ್ಚದೆ, ತಿರುಗು ಸಿಗದೆ, ಅಡ್ಡಡ್ಡ ಹೋಗಿ ಬಡಿದಿತ್ತು. ಗುರಿ ಇದ್ದದ್ದು ಕೆಲವೇ ಗಜ ದೂರದಲ್ಲಿ.

ಇದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವ ಮಾತು ನೀವು ಆಡುತ್ತಿರುವುದು. ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದ ಗುಂಡಿಗೂ ಹೊಡೆದವರೇ ಜವಾಬ್ದಾರರು. ಅದೂ ಅಲ್ಲದೆ ಮಕರೋವ್ ಬ್ಲೋಬ್ಯಾಕ್ ಪಿಸ್ತೂಲು. ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದೆ ಹೋಗುವುದು ಕೇಸಿನ ಒತ್ತಡದಿಂದಲೇ. 380ರಲ್ಲಿ ಆ ಒತ್ತಡ ಮೊದಲೇ ಕಡಿಮೆ, ಅದರಲ್ಲೂ ಒಂದಿಷ್ಟು ಸೋರಿಹೋದರೆ ಸ್ಲೈಡ್ ಅರ್ಧ ದಾರಿಯಲ್ಲೇ ನಿಲ್ಲಬಹುದು. ಮೊದಲ ಈಡು ಹಾರಿತು, ಎರಡನೆಯದು ಸಿಕ್ಕಿಹಾಕಿಕೊಂಡಿತು. ಪ್ರಾಣ ಉಳಿಸಿಕೊಳ್ಳಲು ಅಂತ ಇಟ್ಟುಕೊಂಡ ಆಯುಧ ಹೀಗಿದ್ದರೆ ಇಟ್ಟುಕೊಂಡು ಪ್ರಯೋಜನ ಏನು?

'ಅಂಗಡಿಯವನೇ ಮಕರೋವ್‌ಗೆ 380 ಆಗುತ್ತೆ ಅಂದ' ಅನ್ನುವವರೂ ಇದ್ದಾರೆ. ಅದರಲ್ಲಿ ಒಂದೆಳೆ ನಿಜ ಇದೆ, ಅದೇ ತೊಂದರೆ. ರಷ್ಯಾದ ಇಝೆವ್ಸ್ಕ್ ಕಾರ್ಖಾನೆ 1990ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಐಜೆ-70 ಹೆಸರಿನ ಮಕರೋವ್ ಕಳಿಸಿತು. ಅದರಲ್ಲಿ 9×18ರದ್ದೂ ಇತ್ತು, 380ಕ್ಕೆಂದೇ ಮಾಡಿದ್ದೂ ಇತ್ತು. ದೂರದಿಂದ ನೋಡಿದರೆ ಎರಡೂ ಒಂದೇ. ಮಕರೋವ್ ತೋಟಾದ್ದೇ ಇನ್ನೊಂದು ಪಿಸ್ತೂಲು ಜೆಕ್ ಸೈನ್ಯದ ಸಿಝೆಡ್-82, ಅದೂ 9×18. ಅದರ ತಮ್ಮನಂಥ ಸಿಝೆಡ್-83 ಬಹುಪಾಲು 380 ಅಥವಾ ಅದಕ್ಕಿಂತ ಸಣ್ಣ 32 ತೋಟಾದಲ್ಲಿ ಬಂತು. ಹೀಗಾಗಿ '380 ಮಕರೋವ್' ಅನ್ನುವುದು ನಿಜವಾಗಿಯೂ ಇದೆ. ನಿಮ್ಮ ಕೈಲಿರುವುದು ಅದಲ್ಲ. ಬಲ್ಗೇರಿಯಾ ಸೈನ್ಯದ್ದು 9×18ರದ್ದೇ.

ಸಾಮಾನ್ಯ 9 ಎಂಎಂ, ಅಂದರೆ 9×19 ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಅದು ಮಕರೋವ್ ಮ್ಯಾಗಜೀನಿನ (ತೋಟಾ ತುಂಬುವ ಪೆಟ್ಟಿಗೆ) ಒಳಗೇ ಹೋಗುವುದಿಲ್ಲ, ಅಷ್ಟು ಉದ್ದ. ಒತ್ತಡವೂ ಬಹಳ ಜಾಸ್ತಿ. ಕೈಯಿಂದ ಒಂದೊಂದಾಗಿ ತುರುಕುವ ಪ್ರಯತ್ನವನ್ನೂ ಮಾಡಬೇಡಿ.

ನಿಮ್ಮ ಪಿಸ್ತೂಲು ಯಾವುದು ಅಂತ ಖಾತ್ರಿ ಮಾಡಿಕೊಳ್ಳುವುದು ಕಷ್ಟವಲ್ಲ. ಆಮದು ಮಾಡಿದವರು ತಮ್ಮ ಹೆಸರು, ಊರು, ಕ್ಯಾಲಿಬರ್ (ಯಾವ ತೋಟಾದ್ದು ಅನ್ನುವುದು) ಕೆತ್ತಲೇಬೇಕು ಅಂತ ಕಾನೂನಿದೆ. ಸ್ಲೈಡ್ ಮೇಲೆ, ಫ್ರೇಮ್ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ಬೆಳಕಿಗೆ ಓರೆ ಹಿಡಿದು ಓದಿ. ಹಿಂದಿನ ಯಜಮಾನ ನಳಿಗೆ ಬದಲಿಸಿರಬಹುದು ಅನ್ನುವ ಅನುಮಾನವಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ. ಅವರು ಮೆತ್ತನೆಯ ಸೀಸದ ತುಂಡೊಂದನ್ನು ಖಾಲಿ ನಳಿಗೆಯಲ್ಲಿ ನೂಕಿ, ಹೊರಬಂದದ್ದನ್ನು ಕ್ಯಾಲಿಪರ್‌ನಲ್ಲಿ ಅಳೆಯುತ್ತಾರೆ. ತೋಟಾದ ವಿಷಯಕ್ಕೂ ದಾರಿಯಿದೆ. ಅಮೆರಿಕದ ಹಾರ್ನಡಿ ಕಂಪನಿ 9×18ರಲ್ಲಿ ಆತ್ಮರಕ್ಷಣೆಗೆಂದೇ ತೋಟಾ ಮಾಡುತ್ತದೆ. ದುಬಾರಿ, ಒಪ್ಪುತ್ತೇನೆ. ಆದರೆ ಜೊತೆಗೊಯ್ಯುವುದಕ್ಕೆ ಬೇಕಾದದ್ದು ಮ್ಯಾಗಜೀನಿಗೆ 8 ಮಾತ್ರ.

ಜೊತೆಗೊಯ್ಯುವ ಮುಂಚೆ ಇನ್ನೊಂದು ಕೆಲಸ. ಸರ್ಪ್ಲಸ್ ಪಿಸ್ತೂಲು ಬರುವಾಗ ತುಕ್ಕು ಹಿಡಿಯದಿರಲಿ ಅಂತ ಮೆತ್ತಿದ ಗಟ್ಟಿ ಗ್ರೀಸಿನ ಸಮೇತ ಬರುತ್ತದೆ. ಮಕರೋವ್‌ನ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಇಲ್ಲ, ಅದು ತನ್ನ ತೂತಿನಲ್ಲಿ ಸಡಿಲವಾಗಿ ಓಡಾಡಬೇಕು. ಗ್ರೀಸಿನಲ್ಲಿ ಮುಂದಕ್ಕೆ ಅಂಟಿಕೊಂಡರೆ ಸ್ಲೈಡ್ ಮುಚ್ಚಿದ ಕೂಡಲೇ, ಟ್ರಿಗರ್ ಮುಟ್ಟದೆಯೇ ತೋಟಾ ಹಾರಬಹುದು. ಪಿನ್ ಬಿಚ್ಚಿ, ಒಳಗೆಲ್ಲಾ ಸಾಲ್ವೆಂಟ್ ಹಾಕಿ ತೊಳೆದು, ಒಣಗಿಸಿ ಮತ್ತೆ ಕೂರಿಸಿ. ಬಿಚ್ಚಿದ ಸ್ಲೈಡನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಪಿನ್ನು ಕಟಕಟ ಅನ್ನಬೇಕು. ಅನ್ನದಿದ್ದರೆ ಇನ್ನೂ ಕ್ಲೀನಾಗಿಲ್ಲ. ಟ್ರಿಗರ್ ಪೂರ್ತಿ ಮುಚ್ಚುವ ಹೋಲ್ಸ್ಟರ್ ಕೊಳ್ಳಿ, ಬರೀ ಜೇಬಿಗೆ ಹಾಕಬೇಡಿ.

ಈಗ ಯಾರೂ ಕೇಳದ ಒಂದು ವಿಷಯ. ಕೇಳಲೇಬೇಕಿತ್ತು ಅನ್ನುವುದು ನನ್ನ ಆತಂಕ. ನಿಮ್ಮ ಹತ್ತಿರ ಗ್ರೀನ್ ಕಾರ್ಡೋ ಪೌರತ್ವವೋ ಇದೆ ಅಂದುಕೊಂಡು ಇಷ್ಟು ಬರೆದಿದ್ದೇನೆ. ಎಚ್-1ಬಿ, ಎಚ್-4, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಬಂದಿರುವವರು ಅಮೆರಿಕದಲ್ಲಿ ಪಿಸ್ತೂಲಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. 2022ರ ಕಾನೂನಿನ ನಂತರ ಶಿಕ್ಷೆ 15 ವರ್ಷದವರೆಗೂ ಇದೆ, ವೀಸಾ ಕಥೆ ಬೇರೆ. ಹೆಚ್ಚಿನವರಿಗೆ ಉಪಯೋಗಕ್ಕೆ ಬರುವ ವಿನಾಯಿತಿ ಅಂದರೆ ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್. ಅದಿದ್ದರೂ ಆಯಾ ರಾಜ್ಯದ ಕಾನೂನು ಬೇರೆ ನೋಡಬೇಕು. ಹಳೇ ಆಯುಧ ಸಂಗ್ರಹಿಸುವವರಿಗೆ ಸಿಗುವ 'ಸಿ ಅಂಡ್ ಆರ್' ಲೈಸೆನ್ಸ್ ಕೊಳ್ಳುವುದಕ್ಕೆ ಮಾತ್ರ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದಕ್ಕಲ್ಲ. ಓಡಾಡುವ ಅನುಮತಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಟೆಕ್ಸಾಸ್‌ನಲ್ಲಿ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ.

ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದೂ ಈ ನಿಯಮದ ಹೊರಗಿಲ್ಲ. ಊರಿಂದ ಪ್ರವಾಸಿ ವೀಸಾ ಬಿ-2ರಲ್ಲಿ ಬಂದ ಅಪ್ಪನಿಗೂ ಇದೇ ಕಾನೂನು. ಕೊಡಗಿನ ಮನೆಯಲ್ಲಿ ಕೋವಿ ಹಿಡಿದೇ ಬೆಳೆದವರಾದರೂ ಅಷ್ಟೇ. ಬೇಟೆಯ ಲೈಸೆನ್ಸ್ ಇಲ್ಲದೆ ಅವರನ್ನು ರೇಂಜಿಗೆ ಕರೆದುಕೊಂಡು ಹೋಗಿ 'ಒಂದು ಈಡು ಹೊಡೀರಿ ಅಪ್ಪಾ' ಅಂತ ಕೈಗೆ ಕೊಡಬೇಡಿ. ಪಿಸ್ತೂಲಿಟ್ಟ ಸೇಫಿನ ನಂಬರನ್ನೂ ಅವರಿಗೆ ಹೇಳಬೇಡಿ.